ಹೋಸ್ಟೆಡ್ ಎಸ್‌ಎಫ್‌ಟಿಪಿ ಗೇಟ್‌ವೇ ಮೂಲಕ ಕ್ಲೌಡ್ ಬಕೆಟ್‌ಗೆ ಕಡತಗಳು: ಎನ್‌ಕ್ರಿಪ್ಷನ್ ಎಲ್ಲಿಯವರೆಗೆ?

ಪ್ರಶ್ನೆ

ನಮ್ಮ ಸಂಸ್ಥೆಗೆ ಹೊರಗಿನ ಹಲವು ಪಾಲುದಾರರು ಪ್ರತಿ ರಾತ್ರಿ ಎಸ್‌ಎಫ್‌ಟಿಪಿ (ಎನ್‌ಕ್ರಿಪ್ಟ್ ಮಾಡಿ ಕಡತ ಸಾಗಿಸುವ ವಿಧಾನ) ಮೂಲಕ ಕಡತಗಳನ್ನು ಕಳುಹಿಸುತ್ತಾರೆ. ಇಲ್ಲಿಯವರೆಗೆ ಅವು ನಾವೇ ನೋಡಿಕೊಳ್ಳುತ್ತಿದ್ದ ಲಿನಕ್ಸ್ ಸರ್ವರ್‌ಗೆ ಬರುತ್ತಿದ್ದವು. ಇನ್ನು ಮುಂದೆ ಅಮೆಜಾನ್ ಎಸ್3 ಎಂಬ ಕ್ಲೌಡ್ ಸಂಗ್ರಹ ಸೇವೆಯ ಬಕೆಟ್‌ಗೆ (ಕಡತಗಳನ್ನಿಡುವ ಜಾಗಕ್ಕೆ) ತಲುಪಬೇಕೆಂದು ತೀರ್ಮಾನವಾಗಿದೆ. ಪಾಲುದಾರರು ತಮ್ಮ ಸ್ಕ್ರಿಪ್ಟ್‌ಗಳನ್ನು ಬದಲಿಸಲು ಒಪ್ಪದ ಕಾರಣ ಎಸ್‌ಎಫ್‌ಟಿಪಿಯಲ್ಲಿ ಬಂದದ್ದನ್ನು ಬಕೆಟ್‌ಗೆ ದಾಟಿಸುವ, ಹೊರಗಿನವರು ನಡೆಸುವ ಹೋಸ್ಟೆಡ್ ಗೇಟ್‌ವೇ ಸೇವೆಯೊಂದನ್ನು ನಡುವೆ ಇರಿಸಲಿದ್ದೇವೆ. ಕಳುಹಿಸುವವರ ಯಂತ್ರದಿಂದ ಬಕೆಟ್‌ವರೆಗೆ ದತ್ತಾಂಶವು ಎಲ್ಲಿಯೂ ತೆರೆದುಕೊಳ್ಳದೆ ಸಾಗುತ್ತದೆಯೇ? ಸ್ಥಳಾಂತರದ ದಿನ ಪಾಲುದಾರರ ಕಡೆಯ ಕೆಲಸ ನಿಲ್ಲದಿರಲು ಏನೇನು ಮೊದಲೇ ನೋಡಿಕೊಳ್ಳಬೇಕು?

ಮೊದಲ ಉತ್ತರ

ಇಲ್ಲ, ಗೇಟ್‌ವೇಯಲ್ಲಿ ತೆರೆದುಕೊಳ್ಳುತ್ತದೆ. ಎಸ್‌ಎಫ್‌ಟಿಪಿಗೆ ಆಧಾರವಾದ, ಪಾಲುದಾರರ ಎಸ್‌ಎಸ್‌ಎಚ್ ಸಂಪರ್ಕ ಅಲ್ಲಿಗೇ ಮುಗಿಯುತ್ತದೆ. ಅಲ್ಲಿಂದ ಬಕೆಟ್‌ಗೆ ಹೋಗುವುದು ಟಿಎಲ್‌ಎಸ್ (ವೆಬ್ ಸಂಪರ್ಕಗಳನ್ನು ಎನ್‌ಕ್ರಿಪ್ಟ್ ಮಾಡುವ ವಿಧಾನ) ರಕ್ಷಣೆಯ ಬೇರೊಂದು ಸಂಪರ್ಕ. ಎರಡೂ ದಾರಿಗಳು ಭದ್ರವಾಗಿದ್ದರೂ ಅವು ಕೂಡುವ ಜಾಗದಲ್ಲಿ, ಕನಿಷ್ಠ ಮೆಮೊರಿಯಲ್ಲಿ, ದತ್ತಾಂಶವು ಸಾದಾ ರೂಪದಲ್ಲಿರುತ್ತದೆ. ಕೆಲವು ಸೇವೆಗಳು ಕಡತವನ್ನು ಮೊದಲು ತಮ್ಮ ಡಿಸ್ಕ್‌ನಲ್ಲಿ ಇಟ್ಟುಕೊಂಡು ಅನಂತರ ಬಕೆಟ್‌ಗೆ ಕಳುಹಿಸುವುದುಂಟು. ಹಾಗೆ ಮಾಡುತ್ತಾರೆಯೇ, ಮಾಡಿದರೆ ಯಾವಾಗ ಅಳಿಸುತ್ತಾರೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಎಸ್3 ಜನವರಿ 2023ರಿಂದ ಹೊಸ ಆಬ್ಜೆಕ್ಟ್‌ಗಳನ್ನೆಲ್ಲ (ಬಕೆಟ್‌ನಲ್ಲಿ ಇಡುವ ಕಡತಗಳನ್ನು) ತಾನಾಗಿಯೇ ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ, ನಿಜ. ಆದರೆ ಅದು ಸಂಗ್ರಹದಲ್ಲಿರುವ ದತ್ತಾಂಶಕ್ಕೆ ಸಿಗುವ ರಕ್ಷಣೆ. ಓದುವ ಅನುಮತಿಯಿರುವ ಗೇಟ್‌ವೇಗೆ ಎಸ್3 ಅದನ್ನು ಬಿಡಿಸಿಯೇ ಕೊಡುತ್ತದೆ. ಮಧ್ಯವರ್ತಿ ನೋಡಲೇಬಾರದ ಮಾಹಿತಿಯಿದ್ದರೆ ಕಳುಹಿಸುವ ಮುನ್ನವೇ ಪಿಜಿಪಿ (ಕಡತವನ್ನೇ ಎನ್‌ಕ್ರಿಪ್ಟ್ ಮಾಡುವ ವಿಧಾನ) ಬಳಸಿ ಎನ್‌ಕ್ರಿಪ್ಟ್ ಮಾಡಿಸಿ, ಅದನ್ನು ಬಿಡಿಸುವ ಖಾಸಗಿ ಕೀಯನ್ನು ನಿಮ್ಮ ಬಳಿ ಮಾತ್ರ ಇರಿಸಿಕೊಳ್ಳುವುದೇ ಸರಿಯಾದ ದಾರಿ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವ ವಿಷಯ ಬಕೆಟ್‌ನ ಮೇಲೆ ಗೇಟ್‌ವೇಗೆ ನೀಡುವ ಅಧಿಕಾರ. ದೀರ್ಘಕಾಲ ಬದಲಾಗದ ಆ್ಯಕ್ಸೆಸ್ ಕೀಯನ್ನು ಹೊರಗಿನ ಸೇವೆಯ ಪರದೆಯಲ್ಲಿ ಟೈಪ್ ಮಾಡಿ ಮರೆತುಬಿಡುವುದು ಅಪಾಯಕರ. ಅಲ್ಪಾವಧಿಯ ಟೋಕನ್ ಪಡೆಯುವ ಐಎಎಮ್ ರೋಲ್ (ಅಮೆಜಾನ್ ಕ್ಲೌಡ್‌ನ ಅನುಮತಿ ವ್ಯವಸ್ಥೆಯಲ್ಲಿನ ಪಾತ್ರ) ನೀಡಿ, ಪ್ರತಿ ಪಾಲುದಾರರನ್ನೂ ಅವರವರ ಪ್ರಿಫಿಕ್ಸ್‌ಗೆ (ಫೋಲ್ಡರ್‌ನಂತಿರುವ, ಹೆಸರಿನ ಮೊದಲ ಭಾಗಕ್ಕೆ) ಮಾತ್ರ ಸೀಮಿತಗೊಳಿಸಿ, ಹಳೆಯ ಕಡತದ ಮೇಲೆ ಹೊಸದು ಬಂದರೂ ಮೊದಲಿನದು ಉಳಿಯುವಂತೆ ಬಕೆಟ್‌ನ ವರ್ಷನಿಂಗ್ ಚಾಲೂ ಮಾಡಿ.

ಎರಡನೆಯ ಉತ್ತರ

ಸ್ಥಳಾಂತರದ ಬಗ್ಗೆ ಹೇಳುತ್ತೇನೆ. ನಿಮ್ಮ ಹಳೆಯ ಸರ್ವರ್‌ನ ಹೋಸ್ಟ್ ಕೀ (ಸರ್ವರ್‌ನ ಗುರುತನ್ನು ಸಾಬೀತುಪಡಿಸುವ ಕೀ) ಪಾಲುದಾರರ ಯಂತ್ರಗಳಲ್ಲಿ ದಾಖಲಾಗಿರುತ್ತದೆ. ಸರ್ವರ್‌ನ ಡಿಎನ್‌ಎಸ್ ಹೆಸರು (ಅಂತರ್ಜಾಲದಲ್ಲಿನ ಹೆಸರು) ಅದೇ ಆಗಿದ್ದು ಕೀ ಬದಲಾದರೆ, ನಡುವೆ ಯಾರೋ ನುಸುಳಿರಬಹುದೆಂದು ಕ್ಲೈಂಟ್ (ಪಾಲುದಾರರ ಕಡೆಯ ತಂತ್ರಾಂಶ) ಎಚ್ಚರಿಸಿ ಸಂಪರ್ಕವನ್ನು ನಿರಾಕರಿಸುತ್ತದೆ. ಅದು ನಿರಾಕರಿಸುವುದೇ ಸರಿ. ಆದ್ದರಿಂದ ಹಳೆಯ ಕೀಯನ್ನು ಆಮದು ಮಾಡಿಕೊಳ್ಳುವ ಸೇವೆಯನ್ನೇ ಆರಿಸಿ. ಇಲ್ಲವಾದರೆ ಹೊಸ ಕೀಯ ಫಿಂಗರ್‌ಪ್ರಿಂಟನ್ನು (ಕೀಯನ್ನು ಗುರುತಿಸುವ ಚಿಕ್ಕ ಸಂಕೇತವನ್ನು) ನಂಬಬಹುದಾದ ಬೇರೆ ಮಾರ್ಗದಲ್ಲಿ ಮುಂಚಿತವಾಗಿ ತಲುಪಿಸಿ. ಎಚ್ಚರಿಕೆಯನ್ನು ಕಡೆಗಣಿಸಿ ಮುಂದುವರಿಯಿರಿ ಎಂದು ಯಾರಿಗೂ ಹೇಳಬೇಡಿ. ಪಾಲುದಾರರ ಫೈರ್‌ವಾಲ್‌ಗಳಿಗಾಗಿ ಸ್ಥಿರ ಐಪಿ ವಿಳಾಸವೂ ಬೇಕಾಗಬಹುದು.

ಹಳೆಯ ಕ್ಲೈಂಟ್‌ಗಳು ಇನ್ನೊಂದು ತೊಡಕು. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ ಎಂಬ ಎಸ್‌ಎಸ್‌ಎಚ್ ತಂತ್ರಾಂಶದ 8.8 ಆವೃತ್ತಿಯು ಎಸ್‌ಎಚ್‌ಎ-1 ಎಂಬ ಹಳೆಯ, ದುರ್ಬಲ ವಿಧಾನ ಆಧಾರಿತ ಆರ್‌ಎಸ್‌ಎ ಸಹಿಗಳನ್ನು ಪೂರ್ವನಿಯೋಜಿತವಾಗಿ ಕೈಬಿಟ್ಟಿತು, ಗೇಟ್‌ವೇ ಕೂಡ ಕೈಬಿಟ್ಟಿರಬಹುದು. ಯಾರು ಯಾವ ಆಲ್ಗರಿದಮ್ ಬಳಸುತ್ತಿದ್ದಾರೆಂದು ಹಳೆಯ ಸರ್ವರ್‌ನಲ್ಲಿ ಲಾಗ್ ಮಟ್ಟ ಏರಿಸಿ ಈಗಲೇ ತಿಳಿದುಕೊಳ್ಳಿ.

ಮತ್ತೊಂದು ವಿಷಯ: ಬಕೆಟ್ ನೋಡಲು ಫೋಲ್ಡರ್‌ನಂತಿದ್ದರೂ ಡಿಸ್ಕ್ ಅಲ್ಲ. ಸಾಮಾನ್ಯ ಬಕೆಟ್‌ನಲ್ಲಿ ಹೆಸರು ಬದಲಿಸುವುದೆಂದರೆ ನಕಲು ಮಾಡಿ ಮೂಲವನ್ನು ಅಳಿಸುವುದು. ಇರುವ ಆಬ್ಜೆಕ್ಟ್‌ನ ಕೊನೆಗೆ ಸಾಲು ಸೇರಿಸಲು ಬರುವುದಿಲ್ಲ. ವಿನ್‌ಎಸ್‌ಸಿಪಿಯಂತಹ ಕ್ಲೈಂಟ್‌ಗಳು ದೊಡ್ಡ ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಕಳುಹಿಸಿ, ಮುಗಿದ ಮೇಲೆ ನಿಜವಾದ ಹೆಸರು ಕೊಡುತ್ತವೆ. ಆಗ ಬಕೆಟ್‌ನಿಂದ ‘ಹೊಸ ಕಡತ ಬಂದಿದೆ’ ಎಂಬ ಎರಡು ಸೂಚನೆಗಳು ಹೊರಟು, ನಿಮ್ಮ ಸಂಸ್ಕರಣೆ ಎರಡು ಸಲ ಓಡಬಹುದು. ಕಡತದ ಸಮಯ ಮತ್ತು ಅನುಮತಿಗಳನ್ನು ಹೊಂದಿಸುವ ಸೆಟ್‌ಸ್ಟ್ಯಾಟ್ ಆದೇಶಕ್ಕೂ ಇಲ್ಲಿ ಅರ್ಥವಿಲ್ಲ; ಅದನ್ನು ದೋಷವೆಂದು ತಿರಸ್ಕರಿಸದೆ ಸುಮ್ಮನೆ ಬಿಟ್ಟುಬಿಡುವ ಆಯ್ಕೆ ಗೇಟ್‌ವೇಯಲ್ಲಿದೆಯೇ ಎಂದು ನೋಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಪಿಜಿಪಿಯ ಬಗ್ಗೆ ಪಾಲುದಾರರೊಂದಿಗೆ ಮಾತನಾಡುತ್ತೇನೆ. ಕಡತ ಪೂರ್ತಿಯಾಗಿ ಬಂದಿದೆಯೆಂದು ಖಚಿತಪಡಿಸಿಕೊಳ್ಳಲು ಎಸ್3 ಪ್ರತಿ ಆಬ್ಜೆಕ್ಟ್‌ಗೆ ನೀಡುವ ಇಟ್ಯಾಗ್ ಎಂಬ ಗುರುತನ್ನು ಎಮ್‌ಡಿ5 ಮೊತ್ತದೊಡನೆ (ಕಡತದ ಒಳಗಿನದರಿಂದ ಲೆಕ್ಕಹಾಕುವ ಸಂಕೇತ) ಹೋಲಿಸಿದರೆ ಸಾಕೇ?

ಎರಡನೆಯ ಉತ್ತರ ಬರೆದವರಿಂದ

ಸಾಲದು. ಮಲ್ಟಿಪಾರ್ಟ್ ವಿಧಾನದಲ್ಲಿ, ಅಂದರೆ ತುಣುಕು ತುಣುಕಾಗಿ, ಬಂದ ಆಬ್ಜೆಕ್ಟ್‌ನ ಇಟ್ಯಾಗ್ ಇಡೀ ಕಡತದ ಎಮ್‌ಡಿ5 ಆಗಿರುವುದಿಲ್ಲ, ಮತ್ತು ಗೇಟ್‌ವೇಗಳು ದೊಡ್ಡ ಕಡತಗಳನ್ನು ಬಹುತೇಕ ಹಾಗೆಯೇ ಏರಿಸುತ್ತವೆ. ಮುಖ್ಯ ಕಡತ ಮುಗಿದ ಮೇಲೆ ಅದರ ಎಸ್‌ಎಚ್‌ಎ-256 (ಎಮ್‌ಡಿ5ನಂತಹದೇ ಇನ್ನೊಂದು) ಮೊತ್ತವಿರುವ ಪುಟ್ಟ ಕಡತವೊಂದನ್ನು ಕಳುಹಿಸಲು ಪಾಲುದಾರರನ್ನು ಒಪ್ಪಿಸಿ. ಪಿಜಿಪಿಗಾಗಿ ಅವರು ಸ್ಕ್ರಿಪ್ಟ್ ಮುಟ್ಟುವುದಾದರೆ ಇದನ್ನೂ ಅದರೊಂದಿಗೇ ಸೇರಿಸಬಹುದು. ಆ ಪುಟ್ಟ ಕಡತ ಬಂದಾಗ ಮಾತ್ರ ಸಂಸ್ಕರಣೆ ಆರಂಭವಾಗುವಂತೆ ಸೂಚನೆಗೆ ಸಫಿಕ್ಸ್ ಫಿಲ್ಟರ್ (ಹೆಸರಿನ ಕೊನೆಯ ಭಾಗ ನೋಡಿ ಆರಿಸುವ ನಿಯಮ) ಹಾಕಿದರೆ ನಾನು ಮೇಲೆ ಹೇಳಿದ ಎರಡು ಸೂಚನೆಗಳ ತೊಂದರೆಯೂ ತಪ್ಪುತ್ತದೆ. ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ ತುಣುಕುಗಳು ಪಟ್ಟಿಯಲ್ಲಿ ಕಾಣದಿದ್ದರೂ ಅವುಗಳಿಗೆ ಶುಲ್ಕ ಬೀಳುತ್ತದೆ; ಅವನ್ನು ಕೆಲವು ದಿನಗಳ ನಂತರ ತೆಗೆದುಹಾಕುವ ಲೈಫ್‌ಸೈಕಲ್ ನಿಯಮವನ್ನು ಬಕೆಟ್‌ಗೆ ಹಾಕಿಡಿ.