ಕ್ಲಾಸ್ ಡಿ ವಲಯ: ವಿಎಫ್‌ಆರ್‌ನಲ್ಲಿ ನೇರ ದಾಟೋದಾ, ಸುತ್ತಿ ಹೋಗೋದಾ?

ಹೊಸಹಕ್ಕಿ:
ಖಾಸಗಿ ಪೈಲಟ್ ಲೈಸೆನ್ಸ್ ಇತ್ತೀಚೆಗಷ್ಟೇ ಕೈಗೆ ಬಂದಿದೆ. ನಾನು ಹಾರೋದು ವಿಎಫ್‌ಆರ್‌ನಲ್ಲಿ, ಅಂದರೆ ಹೊರಗೆ ಕಣ್ಣಿಟ್ಟು ನೋಡಿಕೊಂಡು ಹಾರುವ ನಿಯಮದಲ್ಲಿ. ನಾನು ಹೋಗಬೇಕಾದ ದಾರಿಗೆ ಅಡ್ಡಲಾಗಿ ಒಂದು ಕ್ಲಾಸ್ ಡಿ ವಲಯ (ಎ, ಬಿ, ಸಿ ಅಂತ ವಿಂಗಡಿಸಿದ ವಾಯುಪ್ರದೇಶಗಳಲ್ಲಿ ಒಂದು, ಕಂಟ್ರೋಲರ್‌ಗಳು ನೋಡಿಕೊಳ್ಳುವ ಜಾಗ) ಇದೆ. ಸುತ್ತಿ ಹೋದರೆ ಕೆಳಗೆ ಬರೀ ಗುಡ್ಡ ಕಾಡು, ಇಂಜಿನ್ ಕೈಕೊಟ್ಟರೆ ಇಳಿಸೋಕೆ ಒಂದು ಬಯಲೂ ಇಲ್ಲ. ನೇರ ಹೋದರೆ ದಾರಿಯುದ್ದಕ್ಕೂ ಹೊಲಗಳಿವೆ. ಆದರೆ ಅಲ್ಲಿನ ರೇಡಿಯೊ ಫ್ರೀಕ್ವೆನ್ಸಿ ಕೇಳಿದರೆ ಒಂದರ ಹಿಂದೆ ಒಂದು ದೊಡ್ಡ ವಿಮಾನ, ಮಧ್ಯೆ ಮಾತಾಡೋಕೆ ಬಿಡುವೇ ಸಿಗಲ್ಲ. ಕಂಟ್ರೋಲರ್‌ಗಳಿಗೆ ಸುಮ್ನೆ ತೊಂದರೆ ಕೊಟ್ಟ ಹಾಗೆ ಆಗಲ್ವಾ? ಇನ್ನೊಂದು, ಕಂಟ್ರೋಲರ್ ‘ಸ್ಟ್ಯಾಂಡ್‌ಬೈ’ ಅಂದರೆ ಮುಂದೆ ಹೋಗಬಹುದಾ?

ಗಾಳಿಚೀಲ:
ತೊಂದರೆ ಏನಿಲ್ಲ, ಧೈರ್ಯವಾಗಿ ಕೇಳಿ. ಆಗಲ್ಲ ಅಂದರೆ ಸುತ್ತಿ ಹೋಗೋದು ಇದ್ದೇ ಇದೆ, ಅದಕ್ಕೆ ಬೇಕಾದ ಇಂಧನ ಮತ್ತು ದಾರಿ ಮೊದಲೇ ಲೆಕ್ಕ ಹಾಕಿಟ್ಟಿರಿ.

ಗಡಿ ತಲುಪೋಕೆ ಹತ್ತು ನಿಮಿಷ ಇರುವಾಗಲೇ ಕರೆಯಿರಿ. ಮೊದಲ ಕರೆ ಚಿಕ್ಕದಿರಲಿ: ಆ ಕಂಟ್ರೋಲ್ ಘಟಕದ ಹೆಸರು, ನಿಮ್ಮ ಕಾಲ್‌ಸೈನ್ (ರೇಡಿಯೊದಲ್ಲಿ ನಿಮ್ಮ ವಿಮಾನದ ಹೆಸರು), ವಲಯ ದಾಟಬೇಕು ಅನ್ನೋ ಕೋರಿಕೆ, ಅಷ್ಟು ಸಾಕು. ಅವರು ‘ಹೇಳಿ’ ಅಂದ ಮೇಲೆ ಯಾವ ವಿಮಾನ, ಎಲ್ಲಿಂದ ಎಲ್ಲಿಗೆ, ಈಗ ಎಲ್ಲಿದ್ದೀರಿ, ಎಷ್ಟು ಎತ್ತರ, ಎಲ್ಲಿ ಒಳಗೆ ಬಂದು ಎಲ್ಲಿ ಹೊರಗೆ ಹೋಗ್ತೀರಿ ಅಂತ ಒಂದೇ ಉಸಿರಲ್ಲಿ ಹೇಳಿಬಿಡಿ.

ಸ್ಟ್ಯಾಂಡ್‌ಬೈ ಅಂದರೆ ಕಾಯಿರಿ ಅಂತ, ಬನ್ನಿ ಅಂತ ಅಲ್ಲ. ಯುರೋಪಿನಲ್ಲಿ ಕ್ಲಾಸ್ ಡಿಗೆ ಕ್ಲಿಯರೆನ್ಸ್ (ಕಂಟ್ರೋಲರ್ ಕೊಡುವ ಅನುಮತಿ) ಬೇಕೇ ಬೇಕು, ಸಿಗುವವರೆಗೆ ಗಡಿಯ ಹೊರಗೇ ಸುತ್ತು ಹಾಕುತ್ತಾ ಇರಬೇಕು. ಅಮೆರಿಕದ ನಿಯಮ ಬೇರೆ. ಅಲ್ಲಿ ಸಿ ಮತ್ತು ಡಿಗೆ ಎರಡೂ ಕಡೆಯಿಂದ ಮಾತು ಶುರುವಾದರೆ ಸಾಕು, ಹಾಗಾಗಿ ಕಂಟ್ರೋಲರ್ ನಿಮ್ಮ ಕಾಲ್‌ಸೈನ್ ಹೇಳಿ ‘ಸ್ಟ್ಯಾಂಡ್‌ಬೈ’ ಅಂದರೂ ಒಳಗೆ ಹೋಗಬಹುದು. ಕಾಲ್‌ಸೈನ್ ಹೇಳದೆ ‘ಕರೆದ ವಿಮಾನ ಸ್ಟ್ಯಾಂಡ್‌ಬೈ’ ಅಂದರೆ ಹೋಗುವ ಹಾಗಿಲ್ಲ. ಕ್ಲಾಸ್ ಬಿಗೆ ಅಲ್ಲೂ ಸ್ಪಷ್ಟ ಕ್ಲಿಯರೆನ್ಸ್ ಬೇಕು. ಕ್ಲಾಸ್ ಎಯಲ್ಲಿ ವಿಎಫ್‌ಆರ್‌ಗೆ ಜಾಗವೇ ಇಲ್ಲ.

ರೇಡಾರ್‌ಮುಂದೆ:
ನಾನು ಕಂಟ್ರೋಲರ್, ಮೈಕಿನ ಈ ಕಡೆ ಕೂರುವವನು. ತುಂಬಾ ಪೈಲಟ್‌ಗಳು ರನ್‌ವೇಯಿಂದ ಆದಷ್ಟು ದೂರದಲ್ಲಿ ದಾಟಿದರೆ ನಮಗೆ ಸುಲಭ ಅಂದುಕೊಂಡಿರ್ತಾರೆ. ಇದು ಉಲ್ಟಾ. ಇಳಿಯುವ ವಿಮಾನ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತೆ, ಅಂದರೆ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ರನ್‌ವೇಗೆ 5 ಮೈಲಿ ಇರುವಾಗ ಅದು ಹೆಚ್ಚೂಕಡಿಮೆ 1,500 ಅಡಿಯಲ್ಲಿರುತ್ತೆ, ನೀವೂ ಅಷ್ಟೇ ಎತ್ತರದಲ್ಲಿ ಅಡ್ಡ ಬರ್ತೀರಿ! ಅದೇ 2,000 ಅಡಿಯಲ್ಲಿ ರನ್‌ವೇಯ ನಡುಭಾಗದ ಮೇಲೆ ನೇರ ಅಡ್ಡಕ್ಕೆ ದಾಟಿದರೆ ಇಳಿಯುವವರೂ ಏರುವವರೂ ಸಾಮಾನ್ಯವಾಗಿ ನಿಮಗಿಂತ ತುಂಬಾ ಕೆಳಗಿರ್ತಾರೆ. ‘ಓವರ್‌ಹೆಡ್’ ದಾಟ್ತೀನಿ ಅಂತ ನೀವೇ ಕೇಳಿ, ಎಷ್ಟೋ ಸಲ ಬೇಗ ಹೂಂ ಅಂತೀವಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಕ್ಲಾಸ್ ಡಿಯಲ್ಲಿ ನಿಮಗೂ ಐಎಫ್‌ಆರ್ (ಉಪಕರಣ ನೋಡಿಕೊಂಡು ಹಾರುವ ನಿಯಮದ) ವಿಮಾನಕ್ಕೂ ನಡುವೆ ಅಂತರ ಕಾಯೋದು ನಮ್ಮ ಹೊಣೆ ಅಲ್ಲ. ಯಾರು ಎಲ್ಲಿದ್ದಾರೆ ಅಂತ ಹೇಳ್ತೀವಿ, ನೋಡಿ ತಪ್ಪಿಸಿಕೊಳ್ಳೋದು ನಿಮ್ಮ ಕೆಲಸ. ವಿಮಾನ ಕಾಣದಿದ್ದರೆ ಕಾಣ್ತಿಲ್ಲ ಅಂತಲೇ ಹೇಳಿ, ನಾವು ಬೇರೆ ದಾರಿ ನೋಡ್ತೀವಿ. ದೊಡ್ಡ ವಿಮಾನದ ಹಿಂದೆ, ಅದಕ್ಕಿಂತ ಕೆಳಗೆ ದಾಟಬೇಡಿ. ಅದರ ರೆಕ್ಕೆಯ ಸುಳಿಗಾಳಿ ಕೆಳಗಿಳಿಯುತ್ತಾ ಗಾಳಿಯ ಜೊತೆ ಪಕ್ಕಕ್ಕೂ ಸರಿಯುತ್ತೆ.

ಹೊಸಹಕ್ಕಿ:
ಇದು ನನಗೆ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಕಂಟ್ರೋಲರ್ 2,500 ಅಡಿಯಲ್ಲೇ ಇರಿ ಅಂತ ಹೇಳಿದ ಮೇಲೆ ಮುಂದೆ ಮೋಡ ಬಂದರೆ?

ಗಾಳಿಚೀಲ:
ಕ್ಲಿಯರೆನ್ಸ್ ಸಿಕ್ಕಿದೆ ಅಂತ ಮೋಡದೊಳಗೆ ಹೋಗುವ ಹಾಗಿಲ್ಲ. 10,000 ಅಡಿಗಿಂತ ಕೆಳಗೆ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಹೇಳೋದು 5 ಕಿಲೋಮೀಟರ್ ಗೋಚರತೆ, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ. ಮೋಡ ಹತ್ತಿರ ಬರುವ ಮೊದಲೇ ‘ಅನೇಬಲ್’ (ಆಗಲ್ಲ) ಅನ್ನಿ, ಜೊತೆಗೆ ಏನು ಮಾಡಬಲ್ಲಿರಿ ಅಂತಲೂ ಹೇಳಿ: ‘ಮೋಡ ಇದೆ, 2,000 ಅಡಿಗೆ ಇಳಿಯಬೇಕು.’ ಬರೀ ಆಗಲ್ಲ ಅಂದರೆ ಅವರು ಮತ್ತೆ ಕೇಳಬೇಕಾಗುತ್ತೆ, ಅಷ್ಟರಲ್ಲಿ ಮೋಡ ಮುಖದ ಮೇಲೇ ಇರುತ್ತೆ.

ರೇಡಾರ್‌ಮುಂದೆ:
ಹೌದು, ‘ಅನೇಬಲ್’ ಅಂದರೆ ನಾವ್ಯಾರೂ ಬೇಜಾರು ಮಾಡಿಕೊಳ್ಳಲ್ಲ. ಕೊಟ್ಟ ಎತ್ತರ, ಕ್ಯೂಎನ್‌ಎಚ್ (ಎತ್ತರಮಾಪಕಕ್ಕೆ ಹೊಂದಿಸುವ ಗಾಳಿಯ ಒತ್ತಡ), ಸ್ಕ್ವಾಕ್ (ರೇಡಾರ್‌ನಲ್ಲಿ ನಿಮ್ಮನ್ನು ಗುರುತಿಸುವ ಸಂಕೇತ ಸಂಖ್ಯೆ) ಮೂರನ್ನೂ ಬರೆದುಕೊಂಡು ತಿರುಗಿ ಹೇಳಿ. ಗಡಿ ದಾಟಿದ ಮೇಲೂ ನಾವು ಬಿಡುವವರೆಗೆ ಫ್ರೀಕ್ವೆನ್ಸಿ ಬದಲಾಯಿಸಬೇಡಿ.