ಬರೆಯುವಾಗ ಬರುವ ಮಾತು ಎದುರಿಗೆ ಕುಳಿತಾಗ ಏಕೆ ಬರುವುದಿಲ್ಲ?

ಪ್ರಶ್ನೆ: ಹಿಂದಿನಬೆಂಚು

ಎಲ್ಲರಿಗೂ ನಮಸ್ಕಾರ. ನಾಲ್ಕು ಜನ ಸೇರಿದ ಕಡೆ ಬಾಯಿ ಬಿಡಲು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವ ಸರದಿ ಒಬ್ಬೊಬ್ಬರನ್ನೇ ದಾಟಿ ನನ್ನ ಕಡೆಗೆ ಬರುತ್ತಿರುವಾಗಲೇ ಎದೆ ಹೊಡೆದುಕೊಳ್ಳತೊಡಗುತ್ತದೆ. ನನಗಿಂತ ಮೊದಲಿನ ಮೂವರು ಏನು ಹೇಳಿದರೆಂಬುದು ಕಿವಿಗೆ ಬೀಳುವುದೇ ಇಲ್ಲ, ಏಕೆಂದರೆ ಅಷ್ಟು ಹೊತ್ತೂ ನಾನು ಒಳಗೊಳಗೇ ನನ್ನ ಹೆಸರನ್ನೇ ಉರು ಹೊಡೆಯುತ್ತಿರುತ್ತೇನೆ.

ಇದೇ ನಾನು ಆನ್‌ಲೈನಿನಲ್ಲಿ ಉದ್ದುದ್ದ ಬರೆಯುತ್ತೇನೆ, ಒಪ್ಪಿಗೆಯಾಗದಿದ್ದರೆ ಹಾಗೆಂದು ಹೇಳುತ್ತೇನೆ, ತಮಾಷೆಯನ್ನೂ ಮಾಡುತ್ತೇನೆ. ಕಳೆದ ವಾರ ಸಹೋದ್ಯೋಗಿಯೊಬ್ಬರು ಕರೆ ಮಾಡಿದಾಗ ಫೋನು ರಿಂಗಾಗಿ ನಿಲ್ಲುವವರೆಗೂ ಅದನ್ನೇ ನೋಡುತ್ತ ಕುಳಿತಿದ್ದು, ನಿಂತ ಅರ್ಧ ನಿಮಿಷಕ್ಕೆ ‘ಹೇಳಿ, ಏನು ವಿಷಯ?’ ಎಂದು ಮೆಸೇಜ್ ಕಳಿಸಿದೆ. ಅವರಿಗೆ ಎಲ್ಲ ಗೊತ್ತಾಗಿರಬೇಕು. ನಾನು ಬರೆದದ್ದನ್ನು ಮಾತ್ರ ಓದಿದವರು ನನಗೆ ಸಂಕೋಚವಿದೆ ಎಂದರೆ ನಂಬುವುದಿಲ್ಲ. ಇದು ಮರೆಯಲ್ಲಿ ನಿಂತು ತೋರಿಸುವ ಧೈರ್ಯವೇ, ಅಂದರೆ ಒಂದು ಬಗೆಯ ಹೇಡಿತನವೇ? ಅಥವಾ ಬರೆದು ಮಾತನಾಡುವುದರಲ್ಲಿಯೇ ನಮ್ಮಂಥವರಿಗೆ ಒಗ್ಗುವಂಥದ್ದು ಏನಾದರೂ ಇದೆಯೇ? ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಅರ್ಧವಿರಾಮ

ನಾನು ಆಪ್ತಸಮಾಲೋಚಕಿ. ಈ ತೊಳಲಾಟವನ್ನು ಹೇಳಿಕೊಂಡು ಬರುವವರನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ, ಆದ್ದರಿಂದ ಹೇಡಿತನದ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ನೀವೇ ಬರೆದಿದ್ದೀರಿ: ಮೊದಲಿನ ಮೂವರ ಮಾತು ನಿಮ್ಮ ಕಿವಿಗೆ ಬೀಳಲಿಲ್ಲ. ಸಾಮಾಜಿಕ ಆತಂಕದ ಬಗ್ಗೆ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮುಂದಿಟ್ಟ, ಇಂದಿಗೂ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ವಿವರಣೆಯ ಪ್ರಕಾರ, ಇಂಥ ಆತಂಕವಿರುವವರು ಜನರ ನಡುವೆ ಕಾಲಿಟ್ಟೊಡನೆ ಅವರ ಗಮನ ಎದುರಿಗಿರುವವರನ್ನು ಬಿಟ್ಟು ತಮ್ಮ ಮೇಲೆಯೇ ತಿರುಗುತ್ತದೆ. ಎದೆಬಡಿತ, ಬೆವರು, ಧ್ವನಿಯ ನಡುಕ ಇವನ್ನೇ ಆಧಾರವಾಗಿಟ್ಟುಕೊಂಡು ‘ಹೊರಗಿನವರಿಗೆ ನಾನು ಹೀಗೆ ಕಾಣುತ್ತಿದ್ದೇನೆ’ ಎಂಬ ಚಿತ್ರವೊಂದನ್ನು ಅವರು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ, ಮತ್ತು ಒಳಗೆ ಎಷ್ಟು ನಡುಕವಿದೆಯೋ ಹೊರಗೂ ಅಷ್ಟೇ ಕಾಣುತ್ತಿದೆ ಎಂದು ನಂಬಿಬಿಡುತ್ತಾರೆ. ಎದುರಿನವರ ಮುಖದಲ್ಲಿ ನಿಜವಾಗಿ ಏನಿದೆ ಎಂದು ನೋಡಲು ಅವರಿಗೆ ಪುರುಸೊತ್ತೇ ಇರುವುದಿಲ್ಲ.

ಬರೆಯುವಾಗ ಆ ಚಿತ್ರಕ್ಕೆ ಬಣ್ಣವೇ ಸಿಗುವುದಿಲ್ಲ. ಕೈ ನಡುಗಿದರೂ ಅಕ್ಷರ ನಡುಗುವುದಿಲ್ಲ. ಬೇರೆಯವರು ನಮ್ಮ ಬಗ್ಗೆ ಏನೆಂದುಕೊಂಡಾರು ಎಂಬ ಯೋಚನೆಯೇ ಮುಖ ಕೆಂಪಾಗಲು ಕಾರಣವೆಂದು ಚಾರ್ಲ್ಸ್ ಡಾರ್ವಿನ್ 1872ರಲ್ಲಿಯೇ ಬರೆದಿದ್ದರು. ಕೆಂಪಾಯಿತೆಂದು ತಿಳಿದು ಇನ್ನಷ್ಟು ಕೆಂಪಾಗುವ ಸಂಕಟ ಅನುಭವಿಸಿದವರಿಗೆ ಗೊತ್ತು. ಮುಖವೇ ಕಾಣದ ಕಡೆ ಈ ಸರಪಳಿ ಅಷ್ಟು ಸುಲಭವಾಗಿ ಶುರುವಾಗುವುದಿಲ್ಲವಾದ್ದರಿಂದ, ಅದಕ್ಕೆ ಖರ್ಚಾಗುತ್ತಿದ್ದ ಗಮನವೆಲ್ಲ ಹೇಳಬೇಕಾದ ವಿಷಯಕ್ಕೆ ಉಳಿಯುತ್ತದೆ.

ಇನ್ನೊಂದು ಕಾರಣ ಸಮಯ. ನಾನು ಕಂಡಂತೆ ಇದೇ ದೊಡ್ಡದು, ಆದರೆ ಇದರ ಬಗ್ಗೆ ಮಾತನಾಡುವವರು ಕಡಿಮೆ. ಹತ್ತು ಭಾಷೆಗಳ ಸಹಜ ಸಂಭಾಷಣೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿತ್ತು, ಅಂದರೆ ಒಂದು ಸೆಕೆಂಡಿನ ಐದನೆಯ ಒಂದು ಭಾಗ. ಅಷ್ಟರಲ್ಲಿ ಹೊಸದಾಗಿ ವಾಕ್ಯ ಕಟ್ಟಲು ಯಾರಿಂದಲೂ ಆಗುವುದಿಲ್ಲ. ಎದುರಿನವರು ಇನ್ನೂ ಮಾತನಾಡುತ್ತಿರುವಾಗಲೇ ನಾವು ಒಳಗೆ ಉತ್ತರವನ್ನು ಸಿದ್ಧಪಡಿಸಿಕೊಂಡಿರುತ್ತೇವೆ. ತನಗೆ ತಾನೇ ಕಾವಲು ಕೂತ ಮನಸ್ಸಿಗೆ ಈ ಎರಡನೆಯ ಕೆಲಸ ಸಾಗುವುದಿಲ್ಲ. ಅಂತರ ಒಂದು ಸೆಕೆಂಡಾಗುತ್ತದೆ, ಎರಡಾಗುತ್ತದೆ, ಅಷ್ಟು ಹೊತ್ತಿಗೆ ಆ ಮೌನ ಎಲ್ಲರ ಗಮನಕ್ಕೂ ಬಂದಿರುತ್ತದೆ. ಮೆಸೇಜಿಗೆ ಹತ್ತು ನಿಮಿಷ ಬಿಟ್ಟು ಉತ್ತರಿಸಿದರೆ ಅದನ್ನು ಯಾರೂ ತಡವರಿಕೆ ಎನ್ನುವುದಿಲ್ಲ, ನಾಲ್ಕು ಸಲ ಅಳಿಸಿ ಐದನೆಯ ಸಲ ಬರೆದದ್ದನ್ನು ಮೊದಲ ಮಾತೆಂಬಂತೆ ಕಳಿಸಬಹುದು. ಬರಹದ ಮೂಲಕ ಬೆಳೆಯುವ ಪರಿಚಯ ಕೆಲವೊಮ್ಮೆ ಮುಖಾಮುಖಿಯ ಪರಿಚಯಕ್ಕಿಂತಲೂ ಆಪ್ತವಾಗಬಲ್ಲದು ಎಂದು ಸಂವಹನ ಸಂಶೋಧಕ ಜೋಸೆಫ್ ವಾಲ್ಥರ್ 1996ರಲ್ಲಿ ವಾದಿಸಿದಾಗ, ಹೀಗೆ ತಿದ್ದಿ ಕಳಿಸುವ ಅವಕಾಶವನ್ನೂ ಅದರ ಕಾರಣಗಳಲ್ಲಿ ಎಣಿಸಿದ್ದರು.

ಉತ್ತರ: ಎರಡುಮನಸ್ಸು

ಮೇಲಿನ ವಿವರಣೆ ನನಗೆ ಒಪ್ಪಿಗೆ, ಆದರೆ ಆನ್‌ಲೈನ್ ಎಂದ ಮಾತ್ರಕ್ಕೆ ನಿರಾಳ ಎಂಬುದನ್ನು ಒಪ್ಪಲಾರೆ. ನನಗೂ ಇದೇ ತೊಂದರೆಯಿದೆ, ಮತ್ತು ಅಲ್ಲಿ ಸಿಗುವ ಸಮಯವೇ ನನ್ನನ್ನು ಎಷ್ಟೋ ಸಲ ತಿಂದುಹಾಕಿದೆ. ಎರಡು ಸಾಲಿನ ಅಭಿನಂದನೆ ಬರೆಯಲು ನಲವತ್ತು ನಿಮಿಷ ಹಿಡಿದದ್ದುಂಟು. ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಅತಿಯಾಯಿತು, ಹಾಕದಿದ್ದರೆ ಒಣಗಿದಂತಾಯಿತು ಎಂದು ಅದನ್ನು ಹಾಕುವುದು, ತೆಗೆಯುವುದು. ಕಳಿಸಿದ ಮೇಲೂ ಬಿಡುಗಡೆಯಿಲ್ಲ. ವಾಟ್ಸ್ಆ್ಯಪ್ 2014ರಲ್ಲಿ ನೀಲಿ ಗುರುತನ್ನು ತಂದ ನಂತರ, ಓದಿಯೂ ಸುಮ್ಮನಿದ್ದಾರೆ ಎಂಬುದು ಕಣ್ಣಿಗೇ ಕಾಣುವಂತಾಯಿತು. ‘ಟೈಪ್ ಮಾಡುತ್ತಿದ್ದಾರೆ’ ಎಂದು ಬಂದು, ಮಾಯವಾಗಿ, ಮತ್ತೆ ಬಂದು, ಕೊನೆಗೆ ಏನೂ ಬಾರದೆ ಹೋದ ರಾತ್ರಿಗಳಲ್ಲಿ ನಾನು ಮಾಡಿಕೊಂಡ ಊಹೆಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ವಿಡಿಯೊ ಕಾಲ್ ಅಂತೂ ಎರಡೂ ಕಡೆಯ ಕಷ್ಟಗಳನ್ನು ಕೂಡಿಸಿ ಕೊಡುತ್ತದೆ. ತಕ್ಷಣ ಉತ್ತರಿಸಬೇಕು, ಜೊತೆಗೆ ಮೂಲೆಯಲ್ಲಿ ನಮ್ಮ ಮುಖ ನಮಗೇ ಕಾಣುತ್ತಿರುತ್ತದೆ. ವಿಡಿಯೊ ಸಭೆಗಳು ಏಕೆ ದಣಿಸುತ್ತವೆ ಎಂಬ ಬಗ್ಗೆ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಕೊಟ್ಟ ನಾಲ್ಕು ಕಾರಣಗಳಲ್ಲಿ ತನ್ನನ್ನು ತಾನೇ ಸದಾ ನೋಡುತ್ತಿರಬೇಕಾದುದೂ ಒಂದು. ಅರ್ಧವಿರಾಮ ಅವರು ಹೇಳಿದ ಮನಸ್ಸಿನೊಳಗಿನ ಚಿತ್ರ ಇಲ್ಲಿ ನಿಜವಾಗಿಯೂ ಪರದೆಯ ಮೇಲೆ ಬಂದು ಕೂರುತ್ತದೆ. ಆದ್ದರಿಂದ ನಮಗೆ ಹಿತವಾಗಿರುವುದು ಇಂಟರ್ನೆಟ್ ಅಲ್ಲವೇ ಅಲ್ಲ ಎಂದು ನನಗನ್ನಿಸುತ್ತದೆ. ಯಾರೂ ನೋಡುತ್ತಿಲ್ಲ, ಯಾರೂ ಕಾಯುತ್ತಿಲ್ಲ ಎಂಬ ಎರಡು ಅನುಕೂಲಗಳು ಎಲ್ಲಿ ಸಿಕ್ಕರೂ ನಮಗೆ ಮಾತು ಬರುತ್ತದೆ. ಹಿಂದಿನವರಿಗೆ ಅವು ಕಾಗದ ಬರೆಯುವಾಗ ಸಿಗುತ್ತಿದ್ದವು.

ಉತ್ತರ: ಮರುಓದು

ಕಾಗದದ ಮಾತು ಚೆನ್ನಾಗಿದೆ. ನಾನು ಸೇರಿಸಬೇಕಾದದ್ದು ಒಂದೇ. ಮನೋವಿಜ್ಞಾನಿ ಮೆಕೆನ್ನಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮೊದಲ ಪರಿಚಯ ಚಾಟ್ ಮೂಲಕ ಆದ ಅಪರಿಚಿತರು, ನೇರವಾಗಿ ಭೇಟಿಯಾದವರಿಗಿಂತ ಒಬ್ಬರನ್ನೊಬ್ಬರು ಹೆಚ್ಚು ಮೆಚ್ಚಿಕೊಂಡಿದ್ದರು. ತಮ್ಮ ನಿಜವಾದ ‘ನಾನು’ ಆನ್‌ಲೈನಿನಲ್ಲಿಯೇ ಹೊರಬರುತ್ತದೆ ಎನ್ನುವ ಒಲವು ಸಾಮಾಜಿಕ ಆತಂಕವಿರುವವರಲ್ಲಿ ಹೆಚ್ಚಾಗಿತ್ತೆಂಬುದೂ ಅದೇ ಬರಹದಲ್ಲಿದೆ. ಹಾಗಾಗಿ ಹಿಂದಿನಬೆಂಚು ಅವರೇ, ಬರೆಯುವ ನೀವು ನಕಲಿ, ತಡವರಿಸುವ ನೀವು ಅಸಲಿ ಎಂದು ಏಕೆ ಭಾವಿಸಬೇಕು? ತಮಾಷೆ ಮಾಡುವವರೂ ನೀವೇ ತಾನೆ.

ಉತ್ತರ: ಅರ್ಧವಿರಾಮ

ಎರಡುಮನಸ್ಸು ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನಾನು ಬರಹವನ್ನು ತುಸು ಹೆಚ್ಚಾಗಿಯೇ ಹೊಗಳಿದೆ.

ಅವರು ಹೇಳಿದ ನಲವತ್ತು ನಿಮಿಷದ ಅಳಿಸಿ ಬರೆಯುವಿಕೆಯನ್ನು ನಮ್ಮ ವೃತ್ತಿಯಲ್ಲಿ ‘ಸುರಕ್ಷತಾ ವರ್ತನೆ’ ಎನ್ನುತ್ತೇವೆ. ಫೋನು ನಿಲ್ಲುವವರೆಗೆ ಕಾಯುವುದೂ, ಸರದಿ ಬರುವ ಮೊದಲು ಹೆಸರನ್ನು ಉರು ಹೊಡೆಯುವುದೂ ಅದೇ ಜಾತಿಗೆ ಸೇರಿದವು. ಇವು ಆ ಹೊತ್ತಿನ ಭಯವನ್ನು ಕಡಿಮೆ ಮಾಡುತ್ತವೆ, ಆದರೆ ಕರೆ ಎತ್ತಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವನ್ನೂ ತಪ್ಪಿಸುತ್ತವೆ. ಮೆಸೇಜಿನಲ್ಲಿ ಮಾತನಾಡುವುದೇ ಇಷ್ಟ ಎಂಬುದು ಕಾಯಿಲೆಯಲ್ಲ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ 2013ರ ಆವೃತ್ತಿಯ ಪ್ರಕಾರ, ಭಯ ಮತ್ತು ತಪ್ಪಿಸಿಕೊಳ್ಳುವಿಕೆ ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದು, ತೀವ್ರ ಸಂಕಟ ಕೊಡುತ್ತಿದ್ದರೆ ಅಥವಾ ಕೆಲಸಕ್ಕೋ ಸಂಬಂಧಗಳಿಗೋ ಅಡ್ಡಿಯಾಗುತ್ತಿದ್ದರೆ ಮಾತ್ರ ಅದನ್ನು ಸಾಮಾಜಿಕ ಆತಂಕದ ಕಾಯಿಲೆ ಎಂದು ಪರಿಗಣಿಸುತ್ತಾರೆ. ನಿಮಗೆ ಅಡ್ಡಿಯಾಗುತ್ತಿದೆ ಎನ್ನಿಸಿದರೆ ಮನೋವೈದ್ಯರನ್ನೋ ಚಿಕಿತ್ಸಾ ಮನೋವಿಜ್ಞಾನಿಯನ್ನೋ ಕಾಣಿ, ಮೊದಲ ವಿಚಾರಣೆಯನ್ನು ಬರೆದೇ ಮಾಡಿದರೂ ತಪ್ಪಿಲ್ಲ.

ಅಷ್ಟರವರೆಗೆ ಒಂದು ಸಣ್ಣ ಕೆಲಸ. ಮುಂದಿನ ಸಲ ಪರಿಚಯದ ಸರದಿ ಬಂದಾಗ ನಿಮ್ಮ ಹೆಸರನ್ನು ಉರು ಹೊಡೆಯದೆ, ನಿಮಗಿಂತ ಮೊದಲಿನ ಮೂವರ ಹೆಸರನ್ನು ನೆನಪಿಟ್ಟುಕೊಳ್ಳಲು ಪ್ರಯತ್ನಿಸಿ. ವಿಡಿಯೊ ಸಭೆಯಾದರೆ ನಿಮ್ಮ ಚಿತ್ರ ನಿಮಗೆ ಕಾಣದಂತೆ ಮರೆಮಾಡಿಕೊಳ್ಳಿ.

ಹಿಂದಿನಬೆಂಚು

ಎಲ್ಲರಿಗೂ ಧನ್ಯವಾದಗಳು. ಉತ್ತರಿಸಲು ನಾಲ್ಕು ದಿನ ತಡವಾಯಿತು, ಇದನ್ನು ಯಾರೂ ತಡವರಿಕೆ ಎನ್ನುವುದಿಲ್ಲ ಎಂದು ಮೇಲೆ ಓದಿದ್ದರಿಂದ ಧೈರ್ಯವಾಗಿ ತಡಮಾಡಿದೆ. ನಿನ್ನೆ ಹೊಸ ತಂಡದೊಂದಿಗೆ ಸಭೆಯಿತ್ತು, ಒಂಬತ್ತು ಜನರಿದ್ದರು. ಮೂರು ಹೆಸರುಗಳಲ್ಲಿ ಎರಡು ನೆನಪಿನಲ್ಲಿ ಉಳಿದವು, ಮೂರನೆಯವರು ಹೇಳುವ ಹೊತ್ತಿಗೆ ಮನಸ್ಸು ಮತ್ತೆ ನನ್ನ ಎದೆಬಡಿತದ ಕಡೆಗೆ ಹೋಗಿತ್ತು. ನನ್ನ ಸರದಿಯಲ್ಲಿ ಧ್ವನಿ ನಡುಗಿದ್ದು ನಿಜ. ಸಂಜೆ ಆ ಮೂರನೆಯವರಿಗೇ ಮೆಸೇಜ್ ಮಾಡಿ, ನಿಮ್ಮ ಹೆಸರು ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ ಎಂದು ಕೇಳಿದೆ. ಅವರಿಗೂ ನನ್ನ ಹೆಸರು ಕೇಳಿಸಿರಲಿಲ್ಲವಂತೆ.