ಗ್ರಿಂಡಲ್ ಹುಳುಗಳು ಮುಚ್ಚಳ ಹತ್ತಿ ಸಾಯುತ್ತಿವೆ, ಎಲ್ಲಿ ತಪ್ಪುತ್ತಿದ್ದೇನೆ?

ಕಾಳಿದಂಡೆ, ಕಾರವಾರ:

ಕೋಡಿಬಾಗದ ಮನೆಯಲ್ಲಿ ಫೈಟರ್ ಮೀನು ಸಾಕುತ್ತೇನೆ. ಮರಿಗಳಿಗೆ ಪುಡಿ ಆಹಾರ ಹಾಕಿ ಎರಡು ಸಲ ಕೈ ಸುಟ್ಟುಕೊಂಡ ಮೇಲೆ ಜೀವಂತ ಹುಳುಗಳ ದಾರಿ ಹಿಡಿದೆ. ದೀಪಾವಳಿಯ ಹೊತ್ತಿಗೆ ತರಿಸಿದ ಗ್ರಿಂಡಲ್ ಹುಳುಗಳ (ಮೀನಿಗೆ ತಿನ್ನಿಸುವ ಸಣ್ಣ ಬಿಳಿ ಹುಳು) ಡಬ್ಬಿ ಮಳೆಗಾಲ ಹಿಡಿಯುವವರೆಗೆ ಚೆನ್ನಾಗಿಯೇ ನಡೆಯಿತು. ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿ, ದಿನಕ್ಕೆ ನಾಲ್ಕು ಕಾಳು ಬೆಕ್ಕಿನ ಆಹಾರ, ಅದರ ಮೇಲೊಂದು ಪ್ಲಾಸ್ಟಿಕ್ ತುಂಡು. ತುಂಡನ್ನು ಎತ್ತಿದರೆ ಅಡಿಯಲ್ಲಿ ಶಾವಿಗೆ ಚೂರುಗಳಂತೆ ಹುಳುಗಳ ಮುದ್ದೆ.

ಜೂನ್ ಕೊನೆಗೆ ನಾರಿನ ಪುಡಿ ಹಳತಾಗಿ ಕೆಸರಾಯಿತು. ಅದೇ ಸಮಯಕ್ಕೆ ಶಿರಸಿಯ ಹತ್ತಿರದ ಮಾವನ ಮನೆಗೆ ಹೋಗಿದ್ದೆ. ಅವರ ಅಡಿಕೆ ತೋಟದ ಮಣ್ಣು ಕಪ್ಪಗೆ, ಉದುರುದುರಾಗಿ, ನೋಡಿದರೆ ತಿನ್ನಬೇಕು ಎನಿಸುವಂತಿತ್ತು. ಒಂದು ಚೀಲ ತುಂಬಿಕೊಂಡು ಬಂದು ಮೂರು ಡಬ್ಬಿ ಕಟ್ಟಿದೆ. ಮೂರೂ ಒಂದೇ ರೀತಿ ಹಾಳಾದವು. ಮೊದಲ ರಾತ್ರಿಯೇ ಹುಳುಗಳು ಆಹಾರವನ್ನು ಮೂಸಿಯೂ ನೋಡದೆ ಗೋಡೆ ಹತ್ತುತ್ತವೆ. ಹನ್ನೊಂದು ಗಂಟೆಗೆ ಟಾರ್ಚ್ ಹಾಕಿದರೆ ಮುಚ್ಚಳದ ಒಳಮೈಯ ನೀರಹನಿಗಳಲ್ಲೆಲ್ಲ ಅವೇ, ಒಂದೊಂದು ಹನಿಯಲ್ಲಿ ಐದಾರು. ಬೆಳಿಗ್ಗೆಗೆ ಅರ್ಧ ಒಣಗಿ ಕೂದಲಿನಂತೆ ಅಂಟಿಕೊಂಡಿರುತ್ತವೆ. ಉಳಿದವು ವಾರದೊಳಗೆ ಮಾಯ. ಹಾಕಿದ ಆಹಾರದ ಮೇಲೆ ಬೂಷ್ಟು ಮಾತ್ರ ಸೊಗಸಾಗಿ ಬೆಳೆಯುತ್ತದೆ.

ಕೋಣೆಯ ಉಷ್ಣಾಂಶ 27ರಿಂದ 28 ಡಿಗ್ರಿ. ಹಳೆಯ ಡಬ್ಬಿಯ ತಳದಲ್ಲಿ ಇನ್ನೊಂದು ಚಮಚದಷ್ಟು ಹುಳುಗಳಿವೆ, ಅಷ್ಟೇ ನನ್ನ ಬಂಡವಾಳ. ಇತ್ತ ನೊರೆಗೂಡಿನಲ್ಲಿ ಇಂದು ಬೆಳಿಗ್ಗೆ ಮೊಟ್ಟೆಗಳು ಬಿದ್ದಿವೆ. ಗಂಡುಮೀನು ಕಾವಲು ನಿಂತಿದೆ, ನಾನು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೇನೆ.

ಅಘನಾಶಿನಿ, ಕುಮಟಾ:

ನೂರಕ್ಕೆ ತೊಂಬತ್ತು ಜನ ಮಾಡುವ ತಪ್ಪು: ಅತಿಯಾಗಿ ಉಣಿಸುವುದು. ತಿನ್ನದೆ ಉಳಿದ ಆಹಾರ ಕೊಳೆಯುತ್ತದೆ, ಮಣ್ಣು ಹುಳಿಯಾಗುತ್ತದೆ, ಉಸಿರು ಕಟ್ಟಿ ಹುಳುಗಳು ಮೇಲೆ ಬರುತ್ತವೆ. ಹಾಕಿದ್ದು ಒಂದು ದಿನದಲ್ಲಿ ಮುಗಿಯಬೇಕು. ಎರಡನೆಯದು ನುಸಿ. ಮಳೆಗಾಲದಲ್ಲಿ ಅದು ಬಾರದ ಡಬ್ಬಿಯೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿ, ಧೂಳಿನ ಕಣ ನಡೆದಾಡಿದಂತೆ ಕಂಡರೆ ಅದೇ. ಆಗ ಹುಳುಗಳನ್ನು ಒಂದು ಲೋಟ ನೀರಿಗೆ ಹಾಕಿ: ಹುಳು ಮುಳುಗುತ್ತದೆ, ನುಸಿ ತೇಲುತ್ತದೆ. ಮೇಲಿನ ನೀರು ಚೆಲ್ಲಿ, ಹೊಸ ಡಬ್ಬಿ ಕಟ್ಟಿ. ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುವುದನ್ನು ಮರೆಯಬೇಡಿ, ಇರುವೆಗಳಿಗೂ ಮಳೆಗಾಲದಲ್ಲಿ ಮನೆಯೊಳಗೇ ಊಟ ಬೇಕು.

ಗಾಜಿನಮನೆ, ಅಂಕೋಲಾ:

ಹುಳುಗಳ ಮರಣೋತ್ತರ ಪರೀಕ್ಷೆ ಆಮೇಲೆ ಮಾಡೋಣ, ಮೊದಲು ಮೊಟ್ಟೆಗಳ ಗತಿ ನೋಡಿ. ನಮ್ಮ ಸೆಖೆಗೆ ಒಂದೂವರೆ ದಿನದಲ್ಲಿ ಒಡೆಯುತ್ತವೆ. ಆಮೇಲೆ ಎರಡು ಮೂರು ದಿನ ಮರಿಗಳು ಹೊಟ್ಟೆಯಲ್ಲಿರುವ ಬುತ್ತಿಯನ್ನೇ ಉಂಡು ಬಾಲ ಕೆಳಗಾಗಿ ತೂಗಾಡುತ್ತವೆ. ನೆಟ್ಟಗೆ ಈಜತೊಡಗಿದ ದಿನ ಬಾಯಿಗೆ ಏನಾದರೂ ಸಿಗಲೇಬೇಕು. ಆ ವಯಸ್ಸಿಗೆ ಗ್ರಿಂಡಲ್ ಬಹಳ ದಪ್ಪ. ಬೆಳೆದ ಗ್ರಿಂಡಲ್ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದ, ನಿಮ್ಮ ಮರಿ ಅದರ ಅರ್ಧವೂ ಇರುವುದಿಲ್ಲ. ಈಗ ಬೇಕಾದದ್ದು ಅದಕ್ಕಿಂತ ಎಷ್ಟೋ ಸಣ್ಣ ಹುಳು, ಮೈಕ್ರೋವರ್ಮ್.

ಓಟ್ಸ್ ಪುಡಿಯನ್ನು ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಬೇಯಿಸಿ, ಆರಿಸಿ, ಡಬ್ಬಿಯಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ. ಮೇಲೆ ಚಿಟಿಕೆ ಯೀಸ್ಟ್, ಒಂದು ಚಮಚ ಹಳೆಯ ಕಲ್ಚರ್, ಅಂದರೆ ಹುಳುಗಳಿರುವ ಹಳೆಯ ಹಿಟ್ಟು. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಒಳಗೆ ತೆಳು ಬಟ್ಟೆ ಇಡಿ, ಇಲ್ಲವಾದರೆ ನೊಣಗಳ ಹೆರಿಗೆ ಆಸ್ಪತ್ರೆಯಾಗುತ್ತದೆ. ನಾಲ್ಕನೆಯ ದಿನ ಗೋಡೆಯ ಮೇಲೆ ಮಂಜು ಕಟ್ಟಿದಂತೆ ಹುಳುಗಳು ಏರುತ್ತವೆ, ಬೆರಳಿನಿಂದ ಬಳಿದು ನೀರಿಗೆ ಅದ್ದಿದರಾಯಿತು. ಕರಾವಳಿಯಲ್ಲಿ ಹತ್ತು ದಿನಕ್ಕೆ ಹುಳಿ ವಾಸನೆ ಬಂದು ನೀರಾಗುತ್ತದೆ, ಅಷ್ಟರಲ್ಲಿ ಎರಡನೆಯ ಡಬ್ಬಿ ಹೂಡಿರಬೇಕು. ಈ ಹುಳು ತಳಕ್ಕೆ ಇಳಿಯುತ್ತದೆ, ಆದ್ದರಿಂದ ಮರಿಗಳ ತೊಟ್ಟಿಯಲ್ಲಿ ಗೇಣುದ್ದಕ್ಕಿಂತ ಕಡಿಮೆ ನೀರಿರಲಿ. ನನ್ನ ಬಳಿ ಎರಡು ಡಬ್ಬಿ ತುಂಬ ಇದೆ. ನಾಳೆ ಬಸ್ ಹತ್ತಿ ಬನ್ನಿ, ಕೊಡುತ್ತೇನೆ.

ಕಾಳಿದಂಡೆ, ಕಾರವಾರ:

ಅಂಕೋಲಾಕ್ಕೆ ಹೋಗಿ ಬಂದೆ, ಋಣಿ. ಮೈಕ್ರೋವರ್ಮ್ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿದೆ, ಒಳಗೇನಿದೆ ಎಂದು ಮನೆಯವರಿಗೆ ಇನ್ನೂ ಹೇಳಿಲ್ಲ.

ಕುಮಟಾದವರಿಗೆ: ನುಸಿ ಇಲ್ಲ, ಭೂತಗನ್ನಡಿಯಲ್ಲಿ ನೋಡಿದೆ. ಮೂರನೆಯ ಡಬ್ಬಿಗೆ ಮೊದಲ ದಿನ ಆಹಾರವನ್ನೇ ಹಾಕಿರಲಿಲ್ಲ, ಆದರೂ ಗೋಡೆ ಹತ್ತಿದವು. ನೀರು ನಮ್ಮ ಬಾವಿಯದೇ, ಮೊದಲಿನ ಡಬ್ಬಿಗೂ ಅದನ್ನೇ ಹಾಕುತ್ತಿದ್ದೆ. ಮಣ್ಣು ಕೆಟ್ಟದ್ದೂ ಅಲ್ಲ. ಅದನ್ನೇ ಒಂದು ಗಿಡದ ತೊಟ್ಟಿಗೆ ಮರಳಿನಡಿ ಹಾಕಿದ್ದೇನೆ, ಗಿಡಗಳು ಹಸಿರಾಗಿವೆ. ಅಲ್ಲಿದ್ದ ಪೀಡೆ ಬಸವನಹುಳುಗಳು ಕೂಡ ತಾವಾಗಿಯೇ ಹೋದವು.

ಸೊಪ್ಪಿನಬೆಟ್ಟ, ಶಿರಸಿ:

ನಿಮ್ಮ ಕೊನೆಯ ವಾಕ್ಯವನ್ನು ಎರಡು ಸಲ ಓದಿದೆ. ಬಸವನಹುಳುಗಳು ತಾವಾಗಿ ಹೋಗುವ ಪ್ರಾಣಿಗಳಲ್ಲ. ಮೂರು ಪ್ರಶ್ನೆ: ಮಣ್ಣು ತೆಗೆದದ್ದು ಮರದ ಬುಡದಿಂದಲೋ, ಕಾಲುವೆಯ ಬದಿಯಿಂದಲೋ? ತೋಟಕ್ಕೆ ಮೊದಲ ಮದ್ದು ಹೊಡೆದದ್ದು ಯಾವಾಗ? ತೋಟ ಎಷ್ಟು ಹಳೆಯದು?

ಕಾಳಿದಂಡೆ, ಕಾರವಾರ:

ಮಾವನಿಗೆ ಫೋನ್ ಮಾಡಿದೆ. ಮರದ ಬುಡದಿಂದಲೇ, ಮೇಲಿನ ಎರಡಿಂಚು. ಮದ್ದು ಜೂನ್ ಮೊದಲ ವಾರ, ನಾನು ಹೋಗುವ ಮೂರು ವಾರ ಮೊದಲು. ತೋಟ ಅವರ ಅಜ್ಜನ ಕಾಲದ್ದು. ಇದನ್ನೆಲ್ಲ ಯಾಕೆ ಕೇಳುತ್ತೀರಿ ಎಂದು ಅವರೂ ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ.

ಸೊಪ್ಪಿನಬೆಟ್ಟ, ಶಿರಸಿ:

ಉತ್ತರ ಮೈಲುತುತ್ತು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ಮಿಶ್ರಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಮಳೆಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ, ಮಳೆ ಬಿಡದಿದ್ದರೆ ಮೂರನೆಯ ಬಾರಿಯೂ ಕೊನೆಗಾರ ಮರ ಹತ್ತುತ್ತಾನೆ. ಗೊನೆಗೆ ಹೊಡೆದದ್ದರಲ್ಲಿ ಒಂದಷ್ಟು ಗೊನೆಯಲ್ಲಿ ಉಳಿಯುತ್ತದೆ, ಮಿಕ್ಕಿದ್ದು ಕಾಂಡ ಹಿಡಿದು ಬುಡಕ್ಕೆ ಇಳಿಯುತ್ತದೆ. ಮದ್ದಿನ ಮರುದಿನ ತೋಟಕ್ಕೆ ಹೋದರೆ ಬುಡದ ತರಗೆಲೆಗಳ ಮೇಲೆ ನೀಲಿ ಚಿಕ್ಕೆಗಳು ಕಾಣುತ್ತವೆ. ಕೆಲವು ಕೀಟನಾಶಕಗಳು ತಿಂಗಳುಗಳಲ್ಲಿ ಕರಗಿ ಹೋಗುತ್ತವೆ, ತಾಮ್ರ ಲೋಹ, ಅದು ಎಲ್ಲಿಗೆ ಹೋಗಬೇಕು? ಅಜ್ಜ ಹೊಡೆಸಿದ್ದೂ ಅಲ್ಲೇ ಇದೆ, ಮಾವ ಹೊಡೆಸಿದ್ದೂ ಅಲ್ಲೇ ಇದೆ. ಈ ಮದ್ದು ಹುಟ್ಟಿದ ಫ್ರಾನ್ಸಿನ ದ್ರಾಕ್ಷಿ ತೋಟಗಳ ಮಣ್ಣಿನಲ್ಲೂ ಇದೇ ಕಥೆ.

ಅಡಿಕೆ ಮರಕ್ಕೆ ಇದರಿಂದ ಏನೂ ಆಗುವುದಿಲ್ಲ. ಗ್ರಿಂಡಲ್ ಹುಳುವಿನ ಚರ್ಮವೇ ಅದರ ಶ್ವಾಸಕೋಶ, ಒದ್ದೆ ಚರ್ಮದಲ್ಲಿ ತಾಮ್ರ ನೇರವಾಗಿ ಒಳಗಿಳಿಯುತ್ತದೆ. ಮಣ್ಣು ವಿಷವಾಗಿದೆಯೇ ಎಂದು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲು ಬಳಸುವುದು ಇದೇ ಕುಲದ ಹುಳುಗಳನ್ನು. ನೀವು ಅರಿಯದೆ ಆ ಪರೀಕ್ಷೆಯನ್ನು ಮೂರು ಸಲ ಮಾಡಿದ್ದೀರಿ. ಬಸವನಹುಳುಗಳಿಗೂ ತಾಮ್ರ ಆಗದು, ಸಿಗಡಿಗಂತೂ ಇನ್ನೂ ಆಗದು. ಚಿರೆಕಲ್ಲು ನೆಲದ ಬಾವಿನೀರು ಮೃದು, ಅಂಥ ನೀರಿನಲ್ಲಿ ತಾಮ್ರದ ವಿಷ ಹೆಚ್ಚು ತಗಲುತ್ತದೆ. ಆ ಗಿಡದ ತೊಟ್ಟಿಗೆ ಮರಿಗಳನ್ನು ಬಿಡಬೇಡಿ.

ಅಘನಾಶಿನಿ, ಕುಮಟಾ:

ಕೇಳಲು ಚೆನ್ನಾಗಿದೆ, ಒಪ್ಪಲು ಕಷ್ಟ. ಅಡಿಕೆ ತೋಟದಲ್ಲಿ ಸಲಿಕೆ ಹಾಕಿದರೆ ಎರೆಹುಳು ಸಿಗುತ್ತದಲ್ಲ? ಅದಕ್ಕೆ ತಾಮ್ರ ತಗಲುವುದಿಲ್ಲವೇ?

ಸೊಪ್ಪಿನಬೆಟ್ಟ, ಶಿರಸಿ:

ಸಿಗುತ್ತದೆ, ಎಲ್ಲಿ ಎಂದು ನೋಡಿ. ಸೊಪ್ಪು, ಗೊಬ್ಬರ ಕೊಳೆತಲ್ಲಿ, ಕಾಲುವೆಯ ಬದಿಯಲ್ಲಿ ಬೇಕಾದಷ್ಟು. ಕೊಳೆತ ಸೊಪ್ಪು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಂದದ ಜಾಗವನ್ನು ಬಿಟ್ಟು ಎರೆಹುಳು ಮಾರು ದೂರ ಸರಿದುಕೊಳ್ಳುತ್ತದೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ಸರಿದುಕೊಳ್ಳಲು ಇರುವ ಜಾಗ ಮುಚ್ಚಳ ಒಂದೇ.

ನನ್ನ ಮಾತನ್ನೂ ನಂಬಬೇಡಿ, ಮೂರು ಲೋಟ ಇಡಿ. ಒಂದರಲ್ಲಿ ತೋಟದ ಮಣ್ಣು. ಇನ್ನೊಂದರಲ್ಲಿ ಮೂರು ನಾಲ್ಕು ಸಲ ನೆನೆಸಿ ಹಿಂಡಿದ ಹೊಸ ನಾರಿನ ಪುಡಿ. ಹಿಂಡದೆ ಹಾಕಬೇಡಿ, ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯಾದರೆ ಉಪ್ಪು ಉಳಿದಿರುತ್ತದೆ. ಮೂರನೆಯದರಲ್ಲಿ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ ಮಣ್ಣು, ಮರಗಳಡಿಯ ತರಗು ಸರಿಸಿ ತೆಗೆದದ್ದು, ಅಲ್ಲಿಗೆ ಯಾರೂ ಮದ್ದು ಹೊಡೆಯುವುದಿಲ್ಲ. ನಾನು ಡಬ್ಬಿ ಕಟ್ಟುವುದು ಅದರಲ್ಲೇ. ಮಾವನ ಮನೆಯಿಂದ ಯಾರಾದರೂ ಬರುವವರಿದ್ದರೆ ಎರಡು ಹಿಡಿ ತರಿಸಿ, ಬಿಸಿನೀರು ಹೊಯ್ದು ಆರಿಸಿ, ಒಳಗಿರುವ ಇತರ ಜೀವಿಗಳು ಹೋಗಲಿ. ಪ್ರತಿ ಲೋಟಕ್ಕೂ ಎಣಿಸಿ ಒಂದೇ ಸಂಖ್ಯೆಯ ಹುಳು ಬಿಡಿ. ಎಲ್ಲ ಹುಳುಗಳನ್ನೂ ಪಣಕ್ಕಿಡಬೇಡಿ.

ಕಾಳಿದಂಡೆ, ಕಾರವಾರ:

ಹದಿನೇಳು ದಿನಗಳ ನಂತರ ಬರೆಯುತ್ತಿದ್ದೇನೆ. ಮಣ್ಣು ಬರಲು ನಾಲ್ಕು ದಿನ ಹಿಡಿಯಿತು. ಹಲ್ಲುಕಡ್ಡಿಯ ತುದಿಯಲ್ಲಿ ಒಂದೊಂದಾಗಿ ಎತ್ತಿ ಲೋಟಕ್ಕೆ ಮೂವತ್ತರಂತೆ ಬಿಟ್ಟೆ, ಕಣ್ಣು ಹೋಯಿತು. ಮರುದಿನ ಬೆಳಿಗ್ಗೆ ತೋಟದ ಮಣ್ಣಿನ ಲೋಟದಲ್ಲಿ ಹತ್ತೊಂಬತ್ತು ಗೋಡೆಯ ಮೇಲೆ, ನಾರಿನ ಪುಡಿಯಲ್ಲಿ ಎರಡು, ಬೆಟ್ಟದ ಮಣ್ಣಿನಲ್ಲಿ ಒಂದೂ ಇಲ್ಲ. ಐದನೆಯ ದಿನಕ್ಕೆ ತೋಟದ ಲೋಟದಲ್ಲಿ ಹುಡುಕಿದರೂ ಹುಳುವಿಲ್ಲ. ಇಂದು ಹದಿಮೂರನೆಯ ದಿನ, ಬೆಟ್ಟದ ಮಣ್ಣಿನಲ್ಲಿ ದಾರದ ಎಳೆಗಿಂತ ತೆಳುವಾದ ಮರಿಹುಳುಗಳು ಬೆಕ್ಕಿನ ಆಹಾರದ ಕಾಳಿಗೆ ಮುತ್ತಿಕೊಂಡಿವೆ. ನಾರಿನ ಪುಡಿಯೂ ಪರವಾಗಿಲ್ಲ, ಸ್ವಲ್ಪ ನಿಧಾನ.

ಗಿಡದ ತೊಟ್ಟಿಯನ್ನು ಬಿಚ್ಚಿ ತೊಳೆದೆ. ಮರಳಿನಲ್ಲಿ ಖಾಲಿ ಚಿಪ್ಪುಗಳು ಹಿಡಿಯಷ್ಟಿದ್ದವು.

ಅಘನಾಶಿನಿ, ಕುಮಟಾ:

ಸರಿ, ಮೂರು ಲೋಟಗಳ ಎದುರು ನನ್ನದೇನೂ ವಾದವಿಲ್ಲ. ಬೆಟ್ಟದ ಮಣ್ಣು ಹುಳಿ ಸ್ವಭಾವದ್ದು. ಆರು ವಾರ ಕಳೆದ ಮೇಲೆ ಹುಳುಗಳು ಮಂಕಾದರೆ ಬಳಚಿನ ಚಿಪ್ಪನ್ನು ಕುಟ್ಟಿ ಒಂದು ಚಿಟಿಕೆ ಉದುರಿಸಿ. ಎಲೆಯಡಿಕೆಯ ಸುಣ್ಣ ಬೇಡ, ಅದು ಸುಡುತ್ತದೆ. ಕೋಡಿಬಾಗದಲ್ಲಿ ಚಿಪ್ಪಿಗೆ ಬರವಿಲ್ಲ.

ಗಾಜಿನಮನೆ, ಅಂಕೋಲಾ:

ಎಲ್ಲ ಸರಿ, ಮರಿಗಳು ಎಷ್ಟು ಉಳಿದವು? ಅದನ್ನು ಯಾರೂ ಕೇಳುತ್ತಿಲ್ಲ.

ಕಾಳಿದಂಡೆ, ಕಾರವಾರ:

ನಿನ್ನೆ ಎಣಿಸಿದಾಗ ನಲವತ್ತೊಂದು. ಮೈಕ್ರೋವರ್ಮ್ ತಿಂದ ಹೊಟ್ಟೆಗಳು ಬಿಳಿ ಸಾಸಿವೆಯಂತೆ ಕಾಣುತ್ತಿವೆ. ಇನ್ನೆರಡು ವಾರಕ್ಕೆ ಗ್ರಿಂಡಲ್ ಮರಿಹುಳುಗಳನ್ನು ಕೊಡಲು ಶುರು ಮಾಡುತ್ತೇನೆ, ಲೋಟದ ಹುಳುಗಳನ್ನು ಈಗಲೇ ಮುಟ್ಟುವುದಿಲ್ಲ. ಉಳಿದ ಅರ್ಧ ಚೀಲ ತೋಟದ ಮಣ್ಣು ದಾಸವಾಳದ ಕುಂಡಕ್ಕೆ ಹೋಯಿತು. ಮಾವ ಫೋನ್ ಮಾಡಿ, ಮಣ್ಣು ಹೇಗಿತ್ತು, ಇನ್ನೊಂದು ಚೀಲ ಕಳಿಸಲೇ ಎಂದು ಕೇಳಿದರು. ಬೆಟ್ಟದ್ದಾದರೆ ಕಳಿಸಿ ಎಂದೆ.